ಕೈಯಾರೆ ಕಟ್ಟುವ ದಿನಚರಿ ಪುಸ್ತಕ: ಯಾವ ಬರವಣಿಗೆಗೆ ಯಾವ ಹೊಲಿಗೆ, ಯಾವ ಕಾಗದ

ತಮ್ಮ ಬಳಕೆಗೆಂದು ದಿನಚರಿ ಪುಸ್ತಕವನ್ನು ಕೈಯಾರೆ ಕಟ್ಟಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಹೊದಿಕೆಯ ಬಟ್ಟೆಯನ್ನೋ ಚರ್ಮವನ್ನೋ. ಕಾಗದದ ಯೋಚನೆ ಆಮೇಲೆ, ಹೊಲಿಗೆಯ ವಿಚಾರ ಕಟ್ಟಕಡೆಗೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದೇ ಈ ಬರಹದ ವಾದ. ಪುಸ್ತಕ ಮೇಜಿನ ಮೇಲೆ ಪೂರ್ತಿ ಬಿಚ್ಚಿಕೊಂಡು ಮಲಗುತ್ತದೆಯೇ, ನಡುವೆ ಹಾಳೆ ಸೇರಿಸಲು ಅಥವಾ ತೆಗೆಯಲು ಬರುತ್ತದೆಯೇ, ಚೀಲದಲ್ಲಿ ತಿರುಗಾಡಿಯೂ ಹತ್ತು ವರ್ಷ ಉಳಿಯುತ್ತದೆಯೇ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಇರುವುದು ಪುಸ್ತಕದ ಬೆನ್ನಿನಲ್ಲಿ. ಹೊದಿಕೆ ಎಷ್ಟೇ ಚೆಲುವಾಗಿರಲಿ, ಒಂದು ಕೈಯಿಂದ ಅದುಮಿ ಹಿಡಿಯದಿದ್ದರೆ ತಾನಾಗಿ ಮುಚ್ಚಿಕೊಳ್ಳುವ ಪುಸ್ತಕದಲ್ಲಿ ಯಾರೂ ಹೆಚ್ಚು ದಿನ ಬರೆಯುವುದಿಲ್ಲ.

ಹೊಲಿಗೆಯನ್ನು ಆರಿಸುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ದಿನಕ್ಕೊಂದು ಪುಟದಂತೆ, ಅಧಿಕ ವರ್ಷವನ್ನೂ ಗಣನೆಗೆ ತೆಗೆದುಕೊಂಡರೆ, ವರ್ಷಕ್ಕೆ 366 ಪುಟ ಬೇಕು. ಎ4 ಹಾಳೆಯೊಂದನ್ನು ನಡುವೆ ಮಡಚಿದರೆ 148×210 ಮಿ.ಮೀ. ಅಳತೆಯ, ಅಂದರೆ ಎ5 ಗಾತ್ರದ, 4 ಪುಟ ಸಿಗುತ್ತವೆ. ಅಂಥ 4 ಹಾಳೆಗಳನ್ನು ಒಂದರೊಳಗೊಂದು ಸೇರಿಸಿದರೆ 16 ಪುಟಗಳ ಒಂದು ಕಟ್ಟು. ಮುದ್ರಣಾಲಯದವರ ರೂಢಿಯಂತೆ ಅದನ್ನು ಫಾರಂ ಎನ್ನೋಣ. 23 ಫಾರಂ ಹೊಲಿದರೆ 368 ಪುಟವಾಗುತ್ತದೆ. 80 ಜಿ.ಎಸ್.ಎಂ. (ಅಂದರೆ ಚದರ ಮೀಟರಿಗೆ 80 ಗ್ರಾಂ) ತೂಕದ ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಗುವುದರಿಂದ ಈ 92 ಹಾಳೆಗಳ ತೂಕ ರಟ್ಟನ್ನು ಬಿಟ್ಟೇ 460 ಗ್ರಾಂ, ದಪ್ಪ ಸುಮಾರು 2 ಸೆಂ.ಮೀ. ಅದನ್ನೇ ಮೂರು ತಿಂಗಳಿಗೊಂದು ಪುಸ್ತಕವೆಂದು ಒಡೆದರೆ 6 ಫಾರಂ, 96 ಪುಟ, 120 ಗ್ರಾಂ. ತಿಂಗಳಿಗೊಂದು ತೆಳುಪುಸ್ತಕ ಸಾಕು ಎಂದರೆ 8 ಹಾಳೆ, 32 ಪುಟ, 40 ಗ್ರಾಂ ಮಾತ್ರ. ಇವು ಮೂರೂ ಒಂದೇ ಬರವಣಿಗೆಯನ್ನು ಹಿಡಿಸುತ್ತವೆಯಾದರೂ ಮೂರಕ್ಕೂ ಒಪ್ಪುವ ಕಟ್ಟುವಿಕೆ ಬೇರೆ ಬೇರೆ. ವರ್ಷವಿಡೀ ಒಂದೇ ಪುಸ್ತಕ ಬೇಕೆಂಬ ಆಸೆಯನ್ನು ಮೊದಲು ಪರೀಕ್ಷಿಸಿಕೊಳ್ಳಿ ಎಂದೇ ನಾನು ಎಲ್ಲರಿಗೂ ಹೇಳುವುದು. ಅರ್ಧ ಕಿಲೋ ತೂಕದ ದಿನಚರಿ ಮೇಜಿನಿಂದ ಕದಲುವುದಿಲ್ಲ.

ಒಂದೇ ಫಾರಂನ ತೆಳುಪುಸ್ತಕ

ಎಲ್ಲಕ್ಕಿಂತ ಸರಳವಾದದ್ದೂ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಕಡಿಮೆ ಮನ್ನಣೆ ಪಡೆದದ್ದೂ ಇದೇ. ಹಾಳೆಗಳನ್ನು ಒಟ್ಟಿಗೆ ಮಡಚಿ, ಮಡಿಕೆಯ ಗೆರೆಯ ಮೇಲೆ ದಬ್ಬಳದಿಂದ ಮೂರು ತೂತು ಮಾಡಬೇಕು: ಒಂದು ನಡುವೆ, ಉಳಿದೆರಡು ತುದಿಗಳಿಂದ ಸುಮಾರು 3 ಸೆಂ.ಮೀ. ಒಳಗೆ. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನ ಮೂಲಕ ಹೊರಕ್ಕೆ ತೆಗೆದು, ಮೇಲಿನ ತೂತಿನಿಂದ ಒಳಕ್ಕೆ ತಂದು, ನಡುವಿನದನ್ನು ದಾಟಿ ಕೆಳಗಿನ ತೂತಿನಿಂದ ಹೊರಕ್ಕೆ ಕಳುಹಿಸಿ, ಮತ್ತೆ ನಡುವಿನ ತೂತಿನಿಂದಲೇ ಒಳಗೆ ತರಬೇಕು. ಆಗ ದಾರದ ಎರಡು ತುದಿಗಳು ಒಳಗಿನ ಉದ್ದನೆಯ ಎಳೆಯ ಒಂದೊಂದು ಬದಿಗೆ ಬಂದು ನಿಂತಿರುತ್ತವೆ. ಆ ಎಳೆಯನ್ನು ನಡುವೆ ಸಿಕ್ಕಿಸಿ ಗಂಟು ಹಾಕಿದರೆ ಹೊಲಿಗೆ ಮುಗಿಯಿತು. ಬೆನ್ನಿನ ಎತ್ತರದ ಮೂರರಷ್ಟು ದಾರ ಧಾರಾಳವಾಗಿ ಸಾಕಾಗುತ್ತದೆ. ಪುಸ್ತಕ ಮೊದಲ ದಿನದಿಂದಲೇ ಚೆನ್ನಾಗಿ ತೆರೆದುಕೊಳ್ಳುತ್ತದೆ; ಅಂಟು, ಒತ್ತುವ ಸಾಧನ ಯಾವುದೂ ಬೇಡ.

ಇದರ ಮಿತಿ ದಪ್ಪದ್ದು. ಹಾಳೆಗಳು ಒಂದರೊಳಗೊಂದು ಕೂತಾಗ ಒಳಗಿನವು ಹೊರಗಿನವುಗಳಿಗಿಂತ ಸ್ವಲ್ಪ ಸ್ವಲ್ಪವೇ ಮುಂದೆ ಚಾಚಿಕೊಳ್ಳುತ್ತವೆ, 80 ಜಿ.ಎಸ್.ಎಂ. ಕಾಗದದಲ್ಲಿ ಹತ್ತು ಹಾಳೆ ದಾಟಿದರೆ ಅಂಚನ್ನು ಕತ್ತರಿಸಿ ಸಮ ಮಾಡಲೇಬೇಕಾಗುತ್ತದೆ, ಪುಸ್ತಕವೂ ಮುಚ್ಚಿದಾಗ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಈ ಮಿತಿಯನ್ನು ಮೀರುವ ಜಾಣ ದಾರಿಯೊಂದಿದೆ. ಗಟ್ಟಿ ಹೊದಿಕೆಯೊಂದರ ಬೆನ್ನಿನಲ್ಲಿ ಎಲಾಸ್ಟಿಕ್ ದಾರಗಳನ್ನು ಉದ್ದಕ್ಕೆ ಕಟ್ಟಿ, ಒಂದೊಂದು ಎಲಾಸ್ಟಿಕ್ಕಿನಡಿಗೆ ಒಂದೊಂದು ತೆಳುಪುಸ್ತಕವನ್ನು ಸಿಕ್ಕಿಸುವುದು. ಜಪಾನಿನ ಮಿಡೋರಿ ಸಂಸ್ಥೆ 2006ರಲ್ಲಿ ಇಂಥ ಚರ್ಮದ ಹೊದಿಕೆಯನ್ನು ಮಾರುಕಟ್ಟೆಗೆ ತಂದ ಮೇಲೆ ಈ ಬಗೆ ಲೋಕದೆಲ್ಲೆಡೆ ಹಬ್ಬಿತು. ಆದರೆ ಮನೆಯಲ್ಲಿ ಮಾಡಿಕೊಳ್ಳಲು ಇದಕ್ಕಿಂತ ಸುಲಭವಾದದ್ದು ಇಲ್ಲ. ಒಂದರಲ್ಲಿ ದಿನಚರಿ, ಇನ್ನೊಂದರಲ್ಲಿ ಮನೆಯ ಖರ್ಚು, ಮೂರನೆಯದರಲ್ಲಿ ಚಿತ್ರ ಬಿಡಿಸುವ ದಪ್ಪ ಕಾಗದ ಇಡಬಹುದು. ತುಂಬಿದ್ದನ್ನು ಮಾತ್ರ ತೆಗೆದು ಕಪಾಟಿಗೆ ಸೇರಿಸಿದರಾಯಿತು. ಮೊದಲ ಸಲ ಕಟ್ಟುವವರಿಗೂ, ಬರೆಯುವ ಅಭ್ಯಾಸ ಇನ್ನೂ ನೆಲೆಗೊಳ್ಳದವರಿಗೂ ನಾನು ಸೂಚಿಸುವುದು ಇದನ್ನೇ, ಏಕೆಂದರೆ ತಮಗೆ ಎಂಥ ಪುಟ ಬೇಕೆಂಬುದು ಜನರಿಗೆ ತಿಳಿಯುವುದು ಎರಡು ಮೂರು ತಿಂಗಳು ಬರೆದ ಮೇಲೆಯೇ.

ಬೆನ್ನು ತೋರುವ ಹೊಲಿಗೆಗಳು

ಆರು, ಎಂಟು, ಹತ್ತು ಫಾರಂಗಳ ಪುಸ್ತಕ ಬೇಕೆಂದಾಗ ಎದುರಾಗುವ ಆಯ್ಕೆಗಳಲ್ಲಿ ಕಾಪ್ಟಿಕ್ ಹೊಲಿಗೆ ಹೆಸರಾದದ್ದು. ಈಜಿಪ್ಟಿನ ಆದಿ ಕ್ರೈಸ್ತರ ಪುಸ್ತಕಗಳಿಂದ ಬಂದ ಈ ವಿಧಾನದಲ್ಲಿ ಪ್ರತಿ ಫಾರಂನ ದಾರ ಕೆಳಗಿನ ಫಾರಂನ ಹೊಲಿಗೆಯೊಳಗೆ ಸುತ್ತಿಕೊಂಡು ಮೇಲೇರುತ್ತದೆ. ಬೆನ್ನಿನ ಮೇಲೆ ಸರಪಳಿಯಂಥ ಸಾಲುಗಳು ಕಾಣುತ್ತವೆ. ಇದೇ ಕುಲದ ಹೊಲಿಗೆಯಿರುವ ಸೇಂಟ್ ಕತ್‌ಬರ್ಟ್ ಸುವಾರ್ತೆ ಎಂಬ 138×92 ಮಿ.ಮೀ. ಅಳತೆಯ ಪುಟ್ಟ ಪುಸ್ತಕ 8ನೆಯ ಶತಮಾನದ ಆರಂಭದಿಂದ ಇಂದಿನವರೆಗೆ ತನ್ನ ಮೂಲ ಕಟ್ಟಿನಲ್ಲೇ ಉಳಿದಿದೆ. 2012ರಲ್ಲಿ ಬ್ರಿಟಿಷ್ ಗ್ರಂಥಾಲಯ ಅದನ್ನು 90 ಲಕ್ಷ ಪೌಂಡಿಗೆ ಕೊಂಡಿತು. ಹೊಲಿಗೆಯ ಬಾಳಿಕೆಯ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ.

ಬೆನ್ನಿಗೆ ಅಂಟಿಲ್ಲದ ಕಾರಣ ಕಾಪ್ಟಿಕ್ ಪುಸ್ತಕ ಯಾವ ಪುಟದಲ್ಲಿ ತೆರೆದರೂ ಚಪ್ಪಟೆಯಾಗಿ ಮಲಗುತ್ತದೆ, ರಟ್ಟನ್ನು ಹಿಂದಕ್ಕೆ ಪೂರ್ತಿ ತಿರುಗಿಸಿ ಕೈಯಲ್ಲಿ ಹಿಡಿಯಬಹುದು. ಜಲವರ್ಣದಲ್ಲಿ ಎರಡು ಪುಟಗಳ ಮೇಲೆ ಹರಡುವ ಚಿತ್ರ ಬಿಡಿಸುವವರಿಗೆ, ಎಡಗೈಯಲ್ಲಿ ಬರೆಯುವವರಿಗೆ, ಸಂಗೀತ ಪಾಠದ ಸಾಹಿತ್ಯ ಮತ್ತು ಸ್ವರಗಳನ್ನು ಬರೆದುಕೊಂಡು ಎದುರಿಗೆ ನೆಲದ ಮೇಲಿಟ್ಟು ತಾಳ ಹಾಕುತ್ತ ಹಾಡುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಕೊರತೆಗಳೂ ಇವೆ. ಬೆನ್ನು ಬರಿದಾಗಿರುವುದರಿಂದ ಧೂಳು ಒಳಗೆ ಸೇರುತ್ತದೆ. ಹದಿನೈದಕ್ಕಿಂತ ಹೆಚ್ಚು ಫಾರಂ ಆದರೆ ಪುಸ್ತಕ ಪಕ್ಕಕ್ಕೆ ವಾಲತೊಡಗುತ್ತದೆ. ದಾರದ ಬಿಗಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಕಾಯ್ದುಕೊಳ್ಳಬೇಕು. ಸಡಿಲವಾದ ಒಂದು ಸಾಲನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ದಾರವನ್ನು ಬೆನ್ನಿನ ಮಡಿಕೆಗೆ ಸಮಾನಾಂತರವಾಗಿ ಎಳೆಯಬೇಕೇ ಹೊರತು ಲಂಬವಾಗಿ ಎಳೆದರೆ ಕಾಗದ ಸೀಳುತ್ತದೆ.

ಉದ್ದ ಹೊಲಿಗೆ ಎನ್ನಬಹುದಾದ ಇನ್ನೊಂದು ಬಗೆಯಲ್ಲಿ ಫಾರಂಗಳನ್ನು ಮೆತ್ತನೆಯ ಹೊದಿಕೆಗೇ, ಅಂದರೆ ಚರ್ಮಕ್ಕೋ ದಪ್ಪ ಕ್ಯಾನ್ವಾಸಿಗೋ, ನೇರವಾಗಿ ಹೊಲಿಯುತ್ತಾರೆ. ಕಾಪ್ಟಿಕ್‌ನಷ್ಟು ಚಪ್ಪಟೆಯಾಗಿ ತೆರೆಯದಿದ್ದರೂ ಬೆನ್ನಿಗೆ ರಕ್ಷಣೆಯಿದೆ, ಬಾಗಿಸಿ ಚೀಲಕ್ಕೆ ತುರುಕಬಹುದು, ಕಲಿಯುವುದೂ ಸುಲಭ. ಪ್ರಯಾಣದ ಟಿಪ್ಪಣಿಗೆ, ಹಕ್ಕಿ ನೋಡಲು ಕಾಡಿಗೆ ಹೋಗುವವರಿಗೆ ನಾನು ಕಾಪ್ಟಿಕ್‌ಗಿಂತ ಇದನ್ನೇ ಮೇಲೆಂದು ಎಣಿಸುತ್ತೇನೆ.

ಗಟ್ಟಿ ರಟ್ಟಿನ ಪುಸ್ತಕ

ಮೇಲೆ ಲೆಕ್ಕ ಹಾಕಿದ 23 ಫಾರಂಗಳ ಪುಸ್ತಕವೇ ಬೇಕು, ಅದು ಮಕ್ಕಳ ಕಾಲಕ್ಕೂ ಉಳಿಯಬೇಕು ಎನ್ನುವವರು ಗಟ್ಟಿ ರಟ್ಟಿನ ಕಟ್ಟಿಗೇ ಬರಬೇಕು. ಫಾರಂಗಳನ್ನು ಬಟ್ಟೆಯ ಪಟ್ಟಿಗಳ ಮೇಲೆ ಹೊಲಿದು, ಬೆನ್ನಿಗೆ ಅಂಟು ಬಳಿದು, ಸಡಿಲ ನೇಯ್ಗೆಯ ಬಟ್ಟೆ ಅಂಟಿಸಿ, ಪ್ರತ್ಯೇಕವಾಗಿ ತಯಾರಿಸಿದ ರಟ್ಟಿನೊಳಗೆ ಕೂರಿಸುವ ಕೆಲಸವಿದು. ಇಲ್ಲಿ ಹೊಸಬರು ಎಡವುವುದು ಹೊಲಿಗೆಯಲ್ಲಲ್ಲ, ಅಳತೆಯಲ್ಲಿ. 2ರಿಂದ 3 ಮಿ.ಮೀ. ದಪ್ಪದ ರಟ್ಟು ಮೇಲೆ, ಕೆಳಗೆ, ಮುಂದೆ ಮೂರೂ ಕಡೆ ಹಾಳೆಗಳಿಗಿಂತ 3 ಮಿ.ಮೀ. ಹೊರಚಾಚಬೇಕು, ರಟ್ಟಿಗೂ ಬೆನ್ನಿನ ಪಟ್ಟಿಗೂ ನಡುವೆ 6ರಿಂದ 8 ಮಿ.ಮೀ. ಸಂದು ಬಿಡಬೇಕು. ಈ ಸಂದು ಕಿರಿದಾದರೆ ರಟ್ಟು ತೆರೆದಾಗಲೆಲ್ಲ ಮೊದಲ ಹಾಳೆಯನ್ನು ಕೀಳಲು ನೋಡುತ್ತದೆ.

ಫಾರಂ ಹೆಚ್ಚಾದಷ್ಟೂ ದಾರ ತೆಳ್ಳಗಿರಬೇಕೆಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರತಿ ಫಾರಂನ ನಡುವೆ ಒಂದು ಎಳೆ ದಾರ ಕೂರುವುದರಿಂದ 23 ಫಾರಂಗಳಲ್ಲಿ 23 ಎಳೆಗಳ ದಪ್ಪ ಬೆನ್ನಿನಲ್ಲಿ ಮಾತ್ರ ಸೇರಿಕೊಳ್ಳುತ್ತದೆ, ಅರ್ಧ ಮಿ.ಮೀ. ದಾರ ಬಳಸಿದರೆ ಬೆನ್ನು ಒಂದು ಸೆಂ.ಮೀ.ಗಿಂತಲೂ ಹೆಚ್ಚು ಉಬ್ಬಿ ಪುಸ್ತಕ ಬೆಣೆಯ ಆಕಾರಕ್ಕೆ ತಿರುಗುತ್ತದೆ. ಫೋಟೋ, ಎಲೆ, ಟಿಕೆಟ್ ಅಂಟಿಸುವ ಪುಸ್ತಕಕ್ಕೆ ಮಾತ್ರ ಈ ಉಬ್ಬು ವರವಾಗುತ್ತದೆ, ಏಕೆಂದರೆ ಅಂಟಿಸಿದ ವಸ್ತುಗಳಿಗೆ ಬೇಕಾದ ಜಾಗ ಮೊದಲೇ ಸಿಕ್ಕಿರುತ್ತದೆ. ದಾರ ಹತ್ತಿಯದಾಗಲಿ ನಾರಗಸೆಯದಾಗಲಿ (ಲಿನನ್), ಜೇನುಮೇಣದ ಮೇಲೆ ಎರಡು ಸಲ ಎಳೆದು ಬಳಸಿದರೆ ತೊಡಕಾಗದು, ಗಂಟೂ ಜಾರದು. ನೈಲಾನ್ ದಾರ ಬಲವಾಗಿದ್ದರೂ ಕಾಗದವನ್ನು ಕೊಯ್ಯುತ್ತದೆ.

ಉಳಿದವು

ಪಕ್ಕದಿಂದ ತೂತು ಹೊಡೆದು ಹೊಲಿಯುವ ವಿಧಾನ ಜಪಾನಿ ಹೊಲಿಗೆ ಎಂಬ ಹೆಸರಿನಲ್ಲಿ ಬಹಳ ಜನಪ್ರಿಯವಾಗಿದೆ. ನೋಡಲು ಸೊಗಸು, ಬಿಡಿ ಹಾಳೆಗಳಿಗೂ ಸಲ್ಲುತ್ತದೆ. ಬರೆಯುವ ಪುಸ್ತಕಕ್ಕೆ ಮಾತ್ರ ನಾನು ಇದನ್ನು ಒಪ್ಪಲಾರೆ. ಬೆನ್ನಿನ ಕಡೆ ಒಂದು ಸೆಂ.ಮೀ.ಗೂ ಮಿಕ್ಕಿ ಜಾಗ ಹೊಲಿಗೆಗೇ ಹೋಗುತ್ತದೆ, ಪುಟ ಎಂದೂ ಚಪ್ಪಟೆಯಾಗಿ ತೆರೆಯುವುದಿಲ್ಲ. ತೆಳುಕಾಗದದ ಒಂದೇ ಬದಿಗೆ ಮುದ್ರಿಸಿ, ಮಡಿಕೆ ಹೊರಗೆ ಬರುವಂತೆ ಜೋಡಿಸುತ್ತಿದ್ದ ಪೂರ್ವ ಏಷ್ಯಾದ ಪುಸ್ತಕಗಳಿಗೆ ಅದು ತಕ್ಕದ್ದಾಗಿತ್ತು. ಹಳೆಯ ಪತ್ರಗಳನ್ನೋ ಮಕ್ಕಳು ಬಿಡಿಸಿದ ಚಿತ್ರಗಳನ್ನೋ ಒಟ್ಟುಗೂಡಿಸಿ ಇಡಲು, ಅದರಲ್ಲೂ ಪುಸ್ತಕ ಅಡ್ಡ ಉದ್ದವಾಗಿದ್ದರೆ, ಇಂದಿಗೂ ಚೆನ್ನಾಗಿ ಒದಗುತ್ತದೆ. ಬರಿಯ ಅಂಟಿನಿಂದ ಬೆನ್ನು ಕಟ್ಟುವುದು ದಿನವೂ ತೆರೆಯುವ ಪುಸ್ತಕಕ್ಕೆ ಬೇಡವೇ ಬೇಡ. ಜೆರಾಕ್ಸ್ ಅಂಗಡಿಯ ಸ್ಪೈರಲ್ ಅಗ್ಗ, ಪುಟವನ್ನು ಪೂರ್ತಿ ಹಿಂದಕ್ಕೆ ತಿರುಗಿಸಬಹುದು. ಆದರೆ ಸುರುಳಿ ಚೀಲದಲ್ಲಿ ನಜ್ಜುಗುಜ್ಜಾಗುತ್ತದೆ, ಬಲಗೈಯವರಿಗೆ ಎಡಪುಟದಲ್ಲಿ, ಎಡಗೈಯವರಿಗೆ ಬಲಪುಟದಲ್ಲಿ ಕೈಗೆ ಒತ್ತುತ್ತದೆ. ಅಡುಗೆಯ ವಿವರ ಬರೆದಿಡುವ ಪುಸ್ತಕಕ್ಕೆ ರಿಂಗ್ ಫೈಲೇ ಸರಿ: ಎಣ್ಣೆ ಬಿದ್ದ ಹಾಳೆಯನ್ನು ತೆಗೆದು ಹೊಸತಾಗಿ ಬರೆದು ಹಾಕಬಹುದು.

ಮಡಿಕೆ ಪುಸ್ತಕದ ಬಗ್ಗೆ ಮಾತ್ರ ಒಂದೆರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅದು ನಮ್ಮಲ್ಲೇ ಬಳಕೆಯಲ್ಲಿದ್ದದ್ದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸುತ್ತ ಹೋಗಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಲೆಕ್ಕಪತ್ರ, ದಾಖಲೆಗಳನ್ನು ಇಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಪರಿಚಿತ. ಬೇಡವಾದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಕಾಗದದಲ್ಲಿ ಅದೇ ರೂಪವನ್ನು ಮಾಡಿಕೊಂಡರೆ ಹೊಲಿಗೆಯೇ ಬೇಡ. ಒಂದು ಪ್ರವಾಸದ ದಾರಿಯನ್ನು, ಒಂದು ಕೆರೆಯ ದಂಡೆಯನ್ನು, ವರ್ಷದ ಮಳೆಯ ಏರಿಳಿತವನ್ನು ಕಡಿಯದೆ ಒಂದೇ ಉದ್ದನೆಯ ಪಟ್ಟಿಯಾಗಿ ಬಿಡಿಸಬೇಕೆನ್ನುವವರಿಗೆ ಇದೊಂದೇ ದಾರಿ.

ಕಾಗದ: ತೂಕಕ್ಕಿಂತ ಮೊದಲು ದಿಕ್ಕು

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಜಿ.ಎಸ್.ಎಂ. ಎಷ್ಟು ಎಂದು. ಅದಕ್ಕಿಂತ ಮುಖ್ಯವಾದದ್ದು ಕಾಗದದ ನಾರು ಯಾವ ದಿಕ್ಕಿಗೆ ಮಲಗಿದೆ ಎಂಬುದು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಸಾಲುಗಟ್ಟಿರುತ್ತವೆ. ಆ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಇಲ್ಲವಾದರೆ ಮಡಿಕೆ ಒರಟಾಗಿ ಒಡೆಯುತ್ತದೆ, ಪುಟ ಬಿಚ್ಚಿದಾಗ ಸೆಟೆದು ನಿಲ್ಲುತ್ತದೆ, ಅಂಟಿನ ತೇವಕ್ಕೆ ಬೆನ್ನಿನ ಉದ್ದಕ್ಕೂ ಸುಕ್ಕು ಬೀಳುತ್ತದೆ. ಪತ್ತೆ ಹಚ್ಚಲು ಅಂಚೆಚೀಟಿಯಷ್ಟು ತುಂಡನ್ನು ಕತ್ತರಿಸಿ, ಮೂಲ ಹಾಳೆಯಲ್ಲಿ ಅದು ಹೇಗಿತ್ತೆಂದು ಪೆನ್ಸಿಲಿನಿಂದ ಗುರುತು ಮಾಡಿ, ಒಂದು ಮಗ್ಗುಲನ್ನು ಮಾತ್ರ ಒದ್ದೆ ಮಾಡಿ. ತುಂಡು ಕೆಲವೇ ಕ್ಷಣದಲ್ಲಿ ಸುರುಳಿಯಾಗತೊಡಗುತ್ತದೆ. ಆ ಸುರುಳಿಯ ಕೊಳವೆ ಯಾವ ಕಡೆಗೆ ಚಾಚಿದೆಯೋ ಅದೇ ನಾರಿನ ದಿಕ್ಕು.

ಸಾಮಾನ್ಯ ಎ4 ಕಾಗದದಲ್ಲಿ ನಾರು ಉದ್ದದ ಕಡೆಗೇ ಇರುತ್ತದೆಯಾದ್ದರಿಂದ ಅದನ್ನು ನಡುವೆ ಮಡಚಿ ಎ5 ಮಾಡಿದರೆ ದಿಕ್ಕು ತಪ್ಪುತ್ತದೆ. ತಿಂಗಳ ತೆಳುಪುಸ್ತಕಕ್ಕೆ ಇದನ್ನು ಸಹಿಸಬಹುದು, ಗಟ್ಟಿ ರಟ್ಟಿನ ಪುಸ್ತಕಕ್ಕೆ ಸಹಿಸಲಾಗದು. ನಾರು ಉದ್ದಕ್ಕಿರುವ ಎ3 ಹಾಳೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿಕೊಂಡರೆ ಸಿಗುವ ಎ4 ಹಾಳೆಗಳಲ್ಲಿ ದಿಕ್ಕು ಸರಿಯಾಗಿರುತ್ತದೆ. ಬೆಂಗಳೂರಿನ ಸುಲ್ತಾನ್ ಪೇಟೆಯಂಥ ಕಡೆ ದೊಡ್ಡ ಹಾಳೆ ಮಾರುವ ಕಾಗದದ ವ್ಯಾಪಾರಿಗಳಲ್ಲಿ ಅಳತೆ ಹೇಳಿ ಕತ್ತರಿಸಿಕೊಂಡರೆ ಇನ್ನೂ ಮೇಲು.

ಬಗೆಗಳ ವಿಚಾರಕ್ಕೆ ಬಂದರೆ, ಬಾಲ್‌ಪೆನ್ ಮತ್ತು ಪೆನ್ಸಿಲಿಗೆ 80 ಜಿ.ಎಸ್.ಎಂ. ಮ್ಯಾಪ್ಲಿಥೋ, ಅಂದರೆ ಪುಸ್ತಕ ಮುದ್ರಣದ ಸಾಮಾನ್ಯ ಬಿಳಿ ಕಾಗದ, ಸಾಕು. ಶಾಯಿ ಪೆನ್ನಿನವರು ಲೆಡ್ಜರ್ ಅಥವಾ ಬಾಂಡ್ ಕಾಗದವನ್ನು ನೋಡಬೇಕು. ಶಾಯಿ ಹರಡದಂತೆ ತಡೆಯುವುದು ಕಾಗದದ ದಪ್ಪವಲ್ಲ, ತಯಾರಿಸುವಾಗ ಅದಕ್ಕೆ ಕೊಟ್ಟ ಗಂಜಿಯ ಹದ. ಕೊಳ್ಳುವ ಮೊದಲು ಒಂದು ಹಾಳೆ ಕೇಳಿ ಪಡೆದು, ನಿಮ್ಮದೇ ಪೆನ್ನಿನಿಂದ ನಿಧಾನವಾಗಿ ಒಂದು ಗೆರೆ ಎಳೆದು, ಒಂದೆಡೆ ನಿಬ್ಬನ್ನು ಮೂರು ಕ್ಷಣ ಒತ್ತಿ ಹಿಡಿದು, ಒಣಗಿದ ಮೇಲೆ ಹಿಂಬದಿ ನೋಡಿ. ಕನ್ನಡದ ಒತ್ತಕ್ಷರಗಳ ಸಣ್ಣ ಸುರುಳಿಗಳು ತುಂಬಿಕೊಂಡು ಮಸಿಯಾದರೆ ಆ ಕಾಗದ ಬೇಡ. ಕೈಕಾಗದದಲ್ಲಿ ನಾರು ಎಲ್ಲ ದಿಕ್ಕಿಗೂ ಚದುರಿರುವುದರಿಂದ ದಿಕ್ಕಿನ ತೊಂದರೆಯಿಲ್ಲ. ಹತ್ತಿ ಚಿಂದಿಯಿಂದ ಮಾಡಿದ್ದು ಜಲವರ್ಣಕ್ಕೆ, ಅದರಲ್ಲೂ 300 ಜಿ.ಎಸ್.ಎಂ. ಆಸುಪಾಸಿನದು, ಬಹಳ ಒಳ್ಳೆಯದು. ಹೂವಿನ ಎಸಳು, ಹುಲ್ಲಿನ ಕಡ್ಡಿ ಸೇರಿಸಿದ ಅಲಂಕಾರದ ಹಾಳೆಗಳು ಉಡುಗೊರೆಗೆ ಚೆಂದ, ನಿಬ್ಬಿಗೆ ವೈರಿ. ದಪ್ಪ ಕಾಗದ ಬಳಸುವಾಗ ಫಾರಂ ಒಂದಕ್ಕೆ ಎರಡೇ ಹಾಳೆ ಸಾಕು.

ಅಂಟು, ಬಟ್ಟೆ, ಹವೆ

ಕರಾವಳಿ ಮತ್ತು ಮಲೆನಾಡಿನವರು ಅಂಟನ್ನು ಆರಿಸುವಾಗ ಮಳೆಗಾಲವನ್ನು ನೆನೆಯಬೇಕು. ಮೈದಾ ಅಂಟು ಅಗ್ಗ, ನಿಧಾನವಾಗಿ ಒಣಗುವುದರಿಂದ ಬಟ್ಟೆಯನ್ನು ಸರಿಸಿ ಕೂರಿಸಲು ಸಮಯ ಕೊಡುತ್ತದೆ, ಮುಂದೆ ನೀರು ತಾಗಿಸಿ ಬಿಚ್ಚಲೂ ಬರುತ್ತದೆ. ಆದರೆ ಅದು ಹುಳುವಿಗೂ ಬೂಸ್ಟಿಗೂ ಆಹಾರ. ಬೈಂಡಿಂಗ್ ಮಾಡುವವರು ಅದರಲ್ಲಿ ಮೈಲುತುತ್ತ ಬೆರೆಸುವುದು ಈ ಕಾರಣಕ್ಕೇ. ಮೈಲುತುತ್ತ ವಿಷವಾದ್ದರಿಂದ ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದು. ಫೆವಿಕಾಲ್ ಬಗೆಯ ಬಿಳಿ ಅಂಟಿನಲ್ಲಿ ನೀರಿನಂಶ ಕಡಿಮೆ, ರಟ್ಟು ಅಷ್ಟಾಗಿ ಬಾಗುವುದಿಲ್ಲ, ಬೂಸ್ಟು ಬರುವುದೂ ವಿರಳ. ಒಮ್ಮೆ ಹಿಡಿದರೆ ಬಿಡಿಸಲಾಗದು ಎಂಬುದೇ ಅದರ ದೋಷ. ಮಂಗಳೂರು, ಸಾಗರ, ಮಡಿಕೇರಿಯ ಕಡೆ ಬಿಳಿ ಅಂಟು, ಒಣಹವೆಯ ಬಳ್ಳಾರಿ, ವಿಜಯಪುರಗಳಲ್ಲಿ ಯಾವುದಾದರೂ ಸರಿ ಎಂಬುದು ನನ್ನ ನಿಲುವು. ಯಾವ ಅಂಟೇ ಆದರೂ ಮುಗಿದ ಪುಸ್ತಕವನ್ನು ಭಾರದ ಕೆಳಗೆ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ಮೂರು ದಿನ ಇಡಬೇಕು.

ಹೊದಿಕೆಗೆ ಗುಳೇದಗುಡ್ಡದ ಖಣವನ್ನು ಈಚೆಗೆ ಬಹಳ ಜನ ಬಳಸುತ್ತಿದ್ದಾರೆ. ಅದನ್ನು ರಟ್ಟಿಗೆ ನೇರವಾಗಿ ಅಂಟಿಸಿದರೆ ಅಂಟು ನೇಯ್ಗೆಯ ಮೂಲಕ ಹೊರಬಂದು ಕಲೆಯಾಗುತ್ತದೆ. ಮೊದಲು ತೆಳುಕಾಗದಕ್ಕೆ ಅಂಟು ಬಳಿದು, ಅದರ ಮೇಲೆ ಬಟ್ಟೆಯನ್ನು ಹಾಸಿ ಒಣಗಿಸಿ, ಆಮೇಲೆ ಕತ್ತರಿಸಿದರೆ ಅಂಚಿನ ಎಳೆಯೂ ಬಿಡುವುದಿಲ್ಲ. ದಿನವೂ ಬೆವರುಗೈ ತಾಗುವ ಪುಸ್ತಕಕ್ಕೆ ಖಣಕ್ಕಿಂತ ದಪ್ಪ ಖಾದಿ ಅಥವಾ ಕ್ಯಾಲಿಕೋ (ಬೈಂಡಿಂಗ್‌ಗೆ ಬಳಸುವ ಹತ್ತಿ ಬಟ್ಟೆ) ಹೆಚ್ಚು ಬಾಳುತ್ತದೆ. ರೆಕ್ಸಿನ್ ಒರೆಸಲು ಸುಲಭ, ಆದರೆ ಕೆಲವು ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ.

ಒಳಪುಟವನ್ನು ಗೆರೆ ಹಾಕಿಸುವ ಮೊದಲು ಬರವಣಿಗೆಯ ಜಾಡನ್ನು ನೋಡಿಕೊಳ್ಳಬೇಕು. ಮಳೆಮಾಪಕ ಇಟ್ಟುಕೊಂಡು ದಿನದ ಮಳೆಯನ್ನು ಮಿ.ಮೀ.ನಲ್ಲಿ ಬರೆಯುವ ಅಡಿಕೆ ತೋಟದವರಿಗೆ 31 ಸಾಲು, 12 ಅಂಕಣದ ಒಂದೇ ಜೋಡಿಪುಟದಲ್ಲಿ ಇಡೀ ವರ್ಷ ಹಿಡಿಯುತ್ತದೆ. 8 ಹಾಳೆಯ ತೆಳುಪುಸ್ತಕದಲ್ಲಿ ಹದಿನೈದು ವರ್ಷದ ಮಳೆಯನ್ನು ಅಕ್ಕಪಕ್ಕ ಹೋಲಿಸಬಹುದು. ಕನ್ನಡದಲ್ಲಿ ಬರೆಯುವವರು ಗೆರೆಗಳ ನಡುವೆ 9ರಿಂದ 10 ಮಿ.ಮೀ. ಅಂತರ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ಮೇಲಿನ ಸಾಲಿನ ಒತ್ತಕ್ಷರವೂ ಕೆಳಗಿನ ಸಾಲಿನ ಗುಣಿಸೂ ಅದೇ ಅಂತರದಲ್ಲಿ ಸಂಧಿಸುತ್ತವೆ. ಬೆನ್ನಿನ ಕಡೆ ಬಿಡಬೇಕಾದ ಅಂಚು ಕಾಪ್ಟಿಕ್‌ಗೆ 10 ಮಿ.ಮೀ. ಸಾಕು, ಗಟ್ಟಿ ರಟ್ಟಿಗೆ 15 ಬೇಕು, ಪಕ್ಕದ ಹೊಲಿಗೆಗೆ 25 ಬಿಟ್ಟರೂ ಕೊರತೆಯೇ.

ರಟ್ಟಿನ ಕೆಲಸಕ್ಕೆ ಮನೆಯಲ್ಲಿ ಜಾಗವಾಗಲಿ ಒತ್ತುವ ಸಾಧನವಾಗಲಿ ಇಲ್ಲದವರು ಫಾರಂಗಳನ್ನು ತಾವೇ ಹೊಲಿದು, ರಟ್ಟು ಕಟ್ಟುವುದನ್ನು ಊರಿನ ಬೈಂಡಿಂಗ್ ಅಂಗಡಿಗೆ ಒಪ್ಪಿಸಬಹುದು. ಆಗ ಮೂರು ವಿಷಯಗಳನ್ನು ಬರೆದೇ ಕೊಡಬೇಕು: ಸೈಡ್ ಹೊಲಿಗೆ, ಅಂದರೆ ಪಕ್ಕದಿಂದ ತೂತು ಹೊಡೆದ ಹೊಲಿಗೆ, ಹಾಕಕೂಡದು, ಬೆನ್ನಿನ ಕಡೆ ಕತ್ತರಿಸಕೂಡದು, ಉಳಿದ ಮೂರು ಕಡೆ 3 ಮಿ.ಮೀ.ಗಿಂತ ಹೆಚ್ಚು ತೆಗೆಯಕೂಡದು. ಕಚೇರಿಯ ರಿಜಿಸ್ಟರುಗಳನ್ನೂ ಕಾಲೇಜಿನ ಪ್ರಾಜೆಕ್ಟ್ ವರದಿಗಳನ್ನೂ ದಿನವಿಡೀ ಕಟ್ಟುವ ಕೈಗಳಿಗೆ ಸೈಡ್ ಹೊಲಿಗೆಯೇ ವಾಡಿಕೆ. ಬಾಯಲ್ಲಿ ಹೇಳಿ ಬಂದದ್ದು ಸಂಜೆಯ ಹೊತ್ತಿಗೆ ಮರೆತಿರುತ್ತದೆ.